ಟು ಅನ್ನಬೇಕೋ, ವಿತ್ ಅನ್ನಬೇಕೋ

ನನ್ನ ಮದುವೆ ಒಮ್ಮೆ ಮುರಿದು ಮತ್ತೆ ಕೂಡಿದ್ದು ಇಂಗ್ಲಿಷಿನ ಒಂದು ಸಣ್ಣ ಶಬ್ದದ ದೆಸೆಯಿಂದ. ಬಂಗಾರದ ಮಾತಿಗೆ ಮುರಿದ ಸಂಬಂಧಗಳು ನಮ್ಮ ಕಡೆ ಬೇಕಾದಷ್ಟಿವೆ. ಊಟಕ್ಕೆ ಕರೆಯುವುದರಲ್ಲಿ ಹೆಚ್ಚುಕಮ್ಮಿಯಾಗಿ ಮುರಿದವೂ ಇವೆ. ಪ್ರಿಪೊಸಿಷನ್ನಿನಿಂದ ಮುರಿದದ್ದು ಮಾತ್ರ ಇಳಕಲ್ಲಿನಲ್ಲಿ ನನ್ನದೊಂದೇ ಇರಬೇಕು.

ಅಪ್ಪನದು ಇಳಕಲ್ಲಿನ ಪೇಟೆಯಲ್ಲಿ ಸೀರೆ ಅಂಗಡಿ. ಸೊಲ್ಲಾಪುರದ ವ್ಯಾಪಾರಿ ಬಂದರೆ ಮರಾಠಿ, ಹೈದರಾಬಾದಿನವನು ಬಂದರೆ ಉರ್ದು, ಹೀಗೆ ಯಾರು ಬಂದರೂ ಅವರ ಮಾತಿನಲ್ಲೇ ಅಪ್ಪ ಸೀರೆ ಮಾರುತ್ತಿದ್ದ. ಎಪ್ಪತ್ತರ ದಶಕದ ಮೊದಲಲ್ಲಿ ಒಂದು ದಿನ ಮುಂಬಯಿಯಿಂದ ಬಂದ ಗಿರಾಕಿಯೊಬ್ಬ ಇಡೀ ಹೊತ್ತು ಇಂಗ್ಲಿಷಿನಲ್ಲೇ ಮಾತಾಡಿದ. ಅಂಗಡಿಯಲ್ಲಿದ್ದ ಸೀರೆಗಳನ್ನೆಲ್ಲ ಬಿಚ್ಚಿಸಿ ನೋಡಿ, ಏನೂ ಕೊಳ್ಳದೆ ಎದ್ದು ನಿಂತು, ಬಾಗಿಲಲ್ಲಿ ನಗುತ್ತಾ ಏನೋ ಒಂದು ಮಾತು ಅಂದು ಹೋದ. ಅದು ಹೊಗಳಿಕೆಯೋ ಬೈಗುಳವೋ ಅಪ್ಪನಿಗೆ ಕೊನೆಗೂ ತಿಳಿಯಲಿಲ್ಲ. ಸೀರೆ ಮಾರಾಟವಾಗದ್ದಕ್ಕಿಂತ ಇದೇ ಅವನನ್ನು ಹೆಚ್ಚು ಕಾಡಿತು. ಅಂದೇ ಮನೆಗೆ ಬಂದು, “ಈಕಿಗೆ ಇಂಗ್ಲಿಷ್ ಕಲಿಸೂದು” ಎಂದು ನನ್ನ ಕಡೆ ಬೆರಳು ಮಾಡಿ ಹೇಳಿದ. ಮನೆಯಲ್ಲಿ ಓದುವ ವಯಸ್ಸಿಗೆ ಉಳಿದವಳು ನಾನೊಬ್ಬಳೇ. ಅಕ್ಕನ ಮದುವೆ ಆಗಿತ್ತು.

ನನ್ನನ್ನು ಟ್ಯೂಷನ್ನಿಗೆ ಕಳಿಸಿದ್ದು ನಿವೃತ್ತ ಹೈಸ್ಕೂಲು ಮಾಸ್ತರೊಬ್ಬರ ಮನೆಗೆ. ಅವರು ಇಂಗ್ಲಿಷನ್ನು ಒಂದೇ ರೀತಿಯಲ್ಲಿ ಕಲಿಸುತ್ತಿದ್ದರು: ಬಿಟ್ಟ ಸ್ಥಳ ತುಂಬಿಸುವುದು. ಕರಿಹಲಗೆಯ ಮೇಲೆ ಒಂದು ವಾಕ್ಯ ಬರೆದು, ನಡುವೆ ಒಂದು ಗೆರೆ ಎಳೆದು, ಕೆಳಗೆ ನಾಲ್ಕು ಶಬ್ದ ಇಡುತ್ತಿದ್ದರು. ನಾವು ಆರಿಸಬೇಕು. ಆರಿಸಿದ್ದು ತಪ್ಪಾದರೆ ಕಿವಿ ಅವರ ಕೈಗೆ ಹೋಗುತ್ತಿತ್ತು.

“ವಾಕ್ಯಾ ಬರಿಯೋದು ಸಾಹೇಬನ ಕೆಲಸ,” ಎನ್ನುತ್ತಿದ್ದರು. “ಅಂವ ಬರದಿಟ್ಟು ಹೋಗ್ಯಾನ. ನಡುವ ಒಂದು ಶಬ್ದ ನಮ್ಮ ಸಲುವಾಗಿ ಬಿಟ್ಟಾನ. ಅದನ್ನರ ನೆಟ್ಟಗ ಹಾಕ್ರಿ.”

ಒಂದು ದಿನ ಅವರು ಹಲಗೆಯ ಮೇಲೆ, ಜೀವನವೆಂಬುದು ಇಂಥದರ ಹಾಸಿಗೆಯಲ್ಲ ಎಂಬರ್ಥದ ವಾಕ್ಯ ಬರೆದರು: “ಲೈಫ್ ಈಸ್ ನಾಟ್ ಎ ಬೆಡ್ ಆಫ್…” ಕೆಳಗೆ ಹತ್ತಿ, ಗುಲಾಬಿ, ಹುಲ್ಲು, ಉಣ್ಣೆ ಎಂಬುದಕ್ಕೆ ಇಂಗ್ಲಿಷ್ ಶಬ್ದಗಳು. ನಾವೆಲ್ಲ ಒಂದೇ ಮನಸ್ಸಿನಿಂದ ಹತ್ತಿ ಅಂದೆವು. ಅಂಗಡಿಗಳ ಗಾದಿ ಹತ್ತಿಯದು, ಮನೆಯ ಗಾದಿ ಹತ್ತಿಯದು, ಊರ ಸುತ್ತ ಹೊಲಗಳಲ್ಲಿ ಬೆಳೆಯುತ್ತಿದ್ದದ್ದೂ ಹತ್ತಿ. ಮಾಸ್ತರು ತಲೆ ಆಡಿಸಿ ಗುಲಾಬಿಯ ಕೆಳಗೆ ಗೆರೆ ಎಳೆದರು.

ನಾನು ಎದ್ದು ನಿಂತು ಕೇಳಿದೆ: “ಸರ, ಗುಲಾಬ್ಯಾಗ ಮುಳ್ಳ ಇರ್ತಾವಲ್ರಿ. ಅದರ ಮ್ಯಾಲೆ ಯಾರು ಮಲಗತಾರ?”

“ಸಾಹೇಬ ಮಲಗತಾನ. ನೀ ಕುಂದರ.”

ಇನ್ನೊಂದು ದಿನದ ವಾಕ್ಯ ಹೀಗಿತ್ತು: “ಶಿ ಈಸ್ ಮ್ಯಾರೀಡ್ … ಎ ಡಾಕ್ಟರ್.” ಅವಳ ಮದುವೆ ಒಬ್ಬ ಡಾಕ್ಟರನ ಜೊತೆ ಆಗಿದೆ ಎಂದಷ್ಟೇ ಅರ್ಥ. ಜೊತೆ ಎಂದರೆ ವಿತ್. ಇದರಲ್ಲಿ ಯೋಚಿಸುವುದೇನು ಎಂದು ನಾನೇ ಮೊದಲು ಕೂಗಿದೆ. ಮಾಸ್ತರು ಬಂದು ನನ್ನ ಕಿವಿ ಹಿಡಿದರು.

“ನಿಮ್ಮ ಅಕ್ಕನ್ನ ಎಲ್ಲಿ ಕೊಟ್ಟಾರ?”

“ಗುಳೇದಗುಡ್ಡಕ್ಕ ಕೊಟ್ಟಾರ್ರಿ ಸರ.”

“ಗುಡ್ಡಕ್ಕ ಅಂದಿ. ಗುಡ್ಡದ ಜೋಡಿ ಕೊಟ್ಟಾರ ಅಂದೇನು? ಆ ‘ಕ್ಕ’ ಅಂಬೋದಽ ಟು. ಹುಡುಗೀನ ಕೊಡೂದು ಅಂದ್ರ ಟು.” ಅಷ್ಟನ್ನೂ ಕಿವಿ ಹಿಡಿದುಕೊಂಡೇ ಹೇಳಿದರು. ಹೀಗೆ ನನಗೆ ಟು ಎಂಬ ಶಬ್ದ ಬುದ್ಧಿಗೆ ಹೋಗುವ ಮೊದಲು ಕಿವಿಗೆ ಹೋಯಿತು. ಮರೆಯುವ ಮಾತೇ ಇರಲಿಲ್ಲ.

ಅವರ ಕೈಕೆಳಗೆ ನಾನು ಬಿಟ್ಟ ಸ್ಥಳಗಳಲ್ಲಿ ಪಳಗಿದೆ. ಕಳ್ಳ ಹೇಗೆ ಸಿಕ್ಕಿಬಿದ್ದ ಎಂದರೆ ರೆಡ್ ಹ್ಯಾಂಡೆಡ್. ಮಳೆ ಹೇಗೆ ಸುರಿಯಿತು ಎಂದರೆ ಬೆಕ್ಕು ಮತ್ತು ನಾಯಿ. ನಮ್ಮ ಊರಿನಲ್ಲಿ ಮಳೆ ಒಂದು ಇರುವೆಯಷ್ಟೂ ಸುರಿಯದ ವರ್ಷಗಳಲ್ಲೂ ನಾವು ನಿಷ್ಠೆಯಿಂದ ಬೆಕ್ಕು ನಾಯಿಗಳನ್ನು ಸುರಿಸಿದೆವು. ಎಸ್ಸೆಸ್ಸೆಲ್ಸಿಯಲ್ಲಿ ಇಂಗ್ಲಿಷಿಗೆ ಊರೇ ಮಾತಾಡುವಷ್ಟು ಅಂಕ ಬಂದವು. ಊರ ಕಾಲೇಜಿನಲ್ಲೇ ಬಿ.ಎ. ಕೂಡ ಮುಗಿಯಿತು. ಇಷ್ಟೆಲ್ಲ ಆದರೂ ಇಂಗ್ಲಿಷಿನ ಒಂದು ಪೂರ್ತಿ ವಾಕ್ಯ ನನ್ನ ಬಾಯಿಂದ ಎಂದೂ ಹೊರಟಿರಲಿಲ್ಲ. ಯಾರೂ ಕೇಳಿರಲಿಲ್ಲ, ಹಾಗಾಗಿ ಯಾರಿಗೂ ಗೊತ್ತಾಗಿರಲಿಲ್ಲ. ನನಗೂ ಗೊತ್ತಿರಲಿಲ್ಲ.

ಆಗ ಬಂದದ್ದು ಬಾದಾಮಿಯ ವರ. ತಾಲೂಕು ಕಚೇರಿಯಲ್ಲಿ ಕ್ಲರ್ಕು. ಚಿಕ್ಕಂದಿನಲ್ಲೇ ತಂದೆ ತೀರಿಕೊಂಡಿದ್ದರಿಂದ ಓದಿಸಿ ದೊಡ್ಡವನನ್ನಾಗಿ ಮಾಡಿದ್ದು ಬಾಗಲಕೋಟೆಯಲ್ಲಿದ್ದ ಕಾಕಾ. ಈ ಕಾಕಾ ರೈಲ್ವೆಯಲ್ಲಿ ಗಾರ್ಡ್ ಆಗಿ ನಿವೃತ್ತರಾದವರು. ಕೆಂಪು ಹಸಿರು ಬಾವುಟ ಹಿಡಿದು ಜೀವಮಾನವೆಲ್ಲ ರೈಲಿನ ಕೊನೆಯ ಡಬ್ಬಿಯಲ್ಲಿ ಓಡಾಡಿ, ಅಲ್ಲಿಯೇ ಕೂತು ಇಂಗ್ಲಿಷಿನಲ್ಲಿ ರಿಪೋರ್ಟು ಬರೆದವರು. ಆ ಮನೆಯಲ್ಲಿ ಅವರು ಹೂಂ ಅನ್ನದೆ ಯಾವ ಗಾಡಿಯೂ ಹೊರಡುತ್ತಿರಲಿಲ್ಲ.

ಕನ್ಯಾ ನೋಡಲು ಕಾಕಾ, ಕಕ್ಕಿ, ವರನ ತಾಯಿ ಮತ್ತು ವರ ಬಂದರು. ದಾರಿಯಲ್ಲಿ ಬಸ್ಸು ನಿಂತಾಗ ಕೊಂಡ ಅಮೀನಗಡದ ಕರದಂಟಿನ ಪೊಟ್ಟಣ ಕಾಕಾನ ಕೈಯಲ್ಲಿತ್ತು. ಹುಡುಗಿಯ ಇಂಗ್ಲಿಷಿಗೆ ಸಾಕ್ಷಿ ಇರಲಿ ಎಂದು ಅಪ್ಪ ಮಾಸ್ತರನ್ನೂ ಕರೆಸಿದ್ದ. ಅವರು ಗಾದಿಯ ಒಂದು ತುದಿಯಲ್ಲಿ ಶಿರಾದ ತಾಟು ಹಿಡಿದು ಕೂತಿದ್ದರು. ನಾನು ಚಹಾ ಕೊಟ್ಟು, ನಮಸ್ಕಾರ ಮಾಡಿ, ಚಾಪೆಯ ಮೇಲೆ ಕೂತೆ. ವರ ನನ್ನನ್ನು ನೋಡಿದ್ದಕ್ಕಿಂತ ತಮ್ಮ ಚಹಾದ ಬಸಿಯನ್ನು ನೋಡಿದ್ದೇ ಹೆಚ್ಚು.

ಅಡಿಗೆ ಬರುತ್ತದೆಯೇ, ಹಾಡು ಬರುತ್ತದೆಯೇ ಎಂಬುದನ್ನೆಲ್ಲ ಹೆಂಗಸರು ಕೇಳಿ ಮುಗಿಸಿದರು. ಕಾಕಾ ಬಸಿ ಕೆಳಗಿಟ್ಟು ಮೀಸೆ ಒರೆಸಿಕೊಂಡರು.

“ಇಂಗ್ಲಿಷ್‌ನ್ಯಾಗ ಹುಷಾರ ಅದೀಯಂತ. ಒಂದು ಕೇಳಲೇನು ತಂಗಿ?”

“ಕೇಳ್ರಿ.”

“ಶಿ ಈಸ್ ಮ್ಯಾರೀಡ್… ಡ್ಯಾಶ್… ಎ ಕ್ಲರ್ಕ್. ಹೇಳು, ಆ ಡ್ಯಾಶಿನ್ಯಾಗ ಏನು?” ಕ್ಲರ್ಕ್ ಎಂದಾಗ ವರನ ಕಡೆ ನೋಡಿ ಕಣ್ಣು ಮಿಟುಕಿಸಿದರು. ಹೆಂಗಸರು ತಿಳಿಯದೆಯೂ ನಕ್ಕರು.

ನನಗೆ ಆ ಕ್ಷಣ ದೇವರೇ ಪ್ರಶ್ನೆಪತ್ರಿಕೆ ಬಯಲು ಮಾಡಿದ ಹಾಗಾಯಿತು. ತಲೆ ತಗ್ಗಿಸಿಕೊಂಡೇ, “ಟು” ಅಂದೆ.

ಕಾಕಾ ಪ್ರೀತಿಯಿಂದ ನಕ್ಕರು. “ತಪ್ಪಾತು. ವಿತ್. ಮದುವಿ ಅಂದ್ರ ಜೋಡಿ, ಜೋಡಿ ಅಂದ್ರ ವಿತ್. ಟು ಅಂಬೋದು ಬಸ್ಸಿನ ಬೋರ್ಡಿನ ಮ್ಯಾಲೆ ಇರ್ತದವಾ. ಹುನಗುಂದ ಟು ಬಾಗಲಕೋಟಿ. ಏನ್ರಿ ಮಾಸ್ತರ?”

ಎಲ್ಲರೂ ಮಾಸ್ತರ ಕಡೆ ತಿರುಗಿದರು. ಅವರು ಶಿರಾವನ್ನು ಗಂಟಲಿಗಿಳಿಸಿದರು. ಅಪ್ಪನ ಮುಖ ನೋಡಿದರು, ಕಾಕಾನ ಮುಖ ನೋಡಿದರು. ಆಮೇಲೆ ತಾಟಿನೊಳಗಿನ ದ್ರಾಕ್ಷಿಗೆ ಹೇಳಿದ ಹಾಗೆ ಹೇಳಿದರು: “ಎರಡೂ ನಡೀತಾವ್ರಿ.”

ನನಗೆ ನಂಬಲಾಗಲಿಲ್ಲ. ಊರಿನ ಅರ್ಧ ಹುಡುಗಿಯರ ಕಿವಿಗಳನ್ನು ಕೆಂಪು ಮಾಡಿದ ಮನುಷ್ಯ! ನಾಲ್ಕು ಶಬ್ದಗಳಲ್ಲಿ ಮೂರು ಪಾಪ, ಒಂದು ಪುಣ್ಯ ಎಂದು ನಮಗೆ ಕಲಿಸಿದವರು! ತಲೆ ತಗ್ಗಿಸಿ ಕೂರಬೇಕೆಂಬುದು ಮರೆತುಹೋಯಿತು.

“ಎರಡೂ ನಡಿಯೂದಿಲ್ರಿ ಸರ. ನೀವಽ ಹೇಳೀರಿ. ವಿತ್ ಅಂದ್ರ ತಪ್ಪು.”

ಅವ್ವ ಬಾಗಿಲ ಹಿಂದಿನಿಂದ ಬಳೆ ಸಪ್ಪಳ ಮಾಡಿದಳು, ಬಾಯಿ ಮುಚ್ಚು ಎಂದು ಅದರರ್ಥ. ವರ ಒಮ್ಮೆ ತಲೆ ಎತ್ತಿ ನನ್ನನ್ನು ನೋಡಿ, ಏನೋ ಹೇಳಲು ಬಾಯಿ ತೆರೆದು, ಮತ್ತೆ ಮುಚ್ಚಿದರು. ಕಾಕಾ ಎದ್ದು ಟೊಪ್ಪಿಗೆ ಹಾಕಿಕೊಂಡರು. “ಬಸ್ಸಿಗೆ ಹೊತ್ತಾತು. ತಿಳಸ್ತೀವಿ,” ಅಂದರು. ತಿಳಿಸುತ್ತೇವೆ ಎಂದರೆ ತಿಳಿಸುವುದಿಲ್ಲ ಎಂದು ತಿಳಿಯಲು ಇಂಗ್ಲಿಷ್ ಬೇಕಿರಲಿಲ್ಲ.

ಅವರು ಹೋದ ಮೇಲೆ ಅಪ್ಪನ ತಾಯಿ, ನಮ್ಮ ಆಯಿ, ಮೂಲೆಯಿಂದ ಕೇಳಿದಳು: “ಅದೇನೋ ಟು ಅಂದ್ಯಲ್ಲ, ಅದು ಎಷ್ಟು ದೊಡ್ಡದು ಐತಿ?”

“ಎರಡಕ್ಷರ, ಆಯಿ.”

“ಅವರದು?”

“ನಾಲ್ಕಕ್ಷರ.”

“ಅವರದು ದೊಡ್ಡದು ಆತಲ್ಲವಾ ಮತ್ತ. ಬಿಟ್ಟುಕೊಡಬೇಕಿತ್ತು.”

ಅಪ್ಪ ನನ್ನನ್ನು ಬೈಯಲಿಲ್ಲ. ಅವನಿಗೆ ಬೇರೆಯದೇ ಸಂಕಟ. ಇಷ್ಟು ವರ್ಷ ಕಲಿಸಿದ ಇಂಗ್ಲಿಷ್ ಖರೆಯದೋ ಖೊಟ್ಟಿಯದೋ ಅವನಿಗೆ ಗೊತ್ತಾಗಬೇಕಿತ್ತು. ಅಂಗಡಿಯ ಯಾವುದೋ ಕೆಲಸಕ್ಕೆ ಹುನಗುಂದದ ಕೋರ್ಟಿಗೆ ಹೋದವನು ತನ್ನ ವಕೀಲರನ್ನೇ ಕೇಳಿದ. ಅವರು ಕನ್ನಡಕ ತೆಗೆದು ಒರೆಸಿ, ವಾಕ್ಯವನ್ನು ಎರಡು ಸಲ ಹೇಳಿಸಿಕೊಂಡು, “ನೀವು ಹುಡುಗಿ ಕಡಿಯವರೋ, ಹುಡುಗನ ಕಡಿಯವರೋ?” ಅಂದರಂತೆ. ಹುಡುಗಿಯ ಕಡೆ ಎಂದಾಗ, “ಹಂಗಾರ ಟು,” ಎಂದರಂತೆ. ಅಪ್ಪ ಇದನ್ನು ಮನೆಯಲ್ಲಿ ಹೇಳುವಾಗ ಅವನ ಮುಖದಲ್ಲಿ ಸಮಾಧಾನ ಇರಲಿಲ್ಲ.

ಮಾಸ್ತರು ಕೆಲವು ದಿನ ನಮ್ಮ ಓಣಿಯಲ್ಲೇ ಕಾಣಲಿಲ್ಲ. ಆಮೇಲೆ ಒಂದು ಮಧ್ಯಾಹ್ನ ಬಂದು, ಕರೆಯದೆಯೇ ಕೂತು, ನೀರು ಕೇಳಿದರು.

“ನಿನ್ನ ಮದುವಿ ಕೆಡಬಾರದಂತ ಹಂಗ ಅಂದೆ ತಂಗಿ.”

“ಮತ್ತ ನನ್ನ ಕಿವಿ, ಸರ?”

“ಕಿವಿ ಪರೀಕ್ಷಾದ ಸಲುವಾಗಿ ಹಿಡದದ್ದು. ಪರೀಕ್ಷಾದಾಗ ಒಂದಽ ಖರೆ. ಮನ್ಯಾಗ ಎರಡೂ ನಡೀತಾವ. ನಿಮ್ಮ ಬಾಯಿ ಜೋಡಿ ನಾ ಹಂಗಽ ಬಾಳುವೆ ಮಾಡೇನಿ.” ಅವರು ಬಾಯಿ ಎಂದದ್ದು ತಮ್ಮ ಹೆಂಡತಿಗೆ. ಆ ತಾಯಿ ಬಹಳ ಗಟ್ಟಿ ಹೆಂಗಸು ಎಂದು ಊರಿಗೆಲ್ಲ ಗೊತ್ತಿತ್ತು. ನನಗೆ ಅವರ ಮೇಲಿನ ಸಿಟ್ಟು ಅರ್ಧ ಇಳಿಯಿತು. ಇನ್ನರ್ಧ ಇಟ್ಟುಕೊಂಡೆ.

ಸಂಬಂಧ ಮುಗಿಯಿತು ಎಂದುಕೊಂಡಿದ್ದೆವು. ಅಷ್ಟರಲ್ಲಿ ವರ ಒಬ್ಬರೇ ಅಪ್ಪನ ಅಂಗಡಿಗೆ ಬಂದರು. ತಾಯಿಗೆ ಒಂದು ಸೀರೆ ಬೇಕು ಎಂಬುದು ನೆಪ. ಅಪ್ಪ ಕೆಂಪು ಸೆರಗಿನ ಸೀರೆಗಳನ್ನು ಒಂದೊಂದಾಗಿ ಬಿಚ್ಚುತ್ತಾ ಹೋದ. ವರ ಯಾವುದನ್ನೂ ನೋಡಲಿಲ್ಲ. ಕೊನೆಗೆ ಹೇಳಿದರು:

“ನಾ ಡಿಕ್ಷನರಿ ನೋಡಿದ್ನಿರಿ. ನಿಮ್ಮ ಮಗಳು ಹೇಳಿದ್ದು ಖರೆ. ಆದ್ರ ನಮ್ಮ ಕಾಕಾ…”

“ಕಾಕಾ ಏನ್ರಿ?”

“ಕಾಕಾ ಅಂದ್ರ… ನಿಮಗ ಗೊತ್ತದಲ್ರಿ… ಅದಕ್ಕ ಒಂದ ಸಲ…”

ನಮ್ಮವರ ಮಾತಿನ ರೀತಿ ಅಂದಿಗೂ ಇಂದಿಗೂ ಹಾಗೆಯೇ. ವಾಕ್ಯ ಶುರು ಮಾಡುತ್ತಾರೆ, ಮುಗಿಸುವುದಿಲ್ಲ. ಅಪ್ಪ ಗಿರಾಕಿಗಳ ಅರ್ಧ ಮಾತಿನಿಂದಲೇ ಮನಸ್ಸು ತಿಳಿಯುವ ವ್ಯಾಪಾರಿ, ಆದ್ದರಿಂದ ಅಷ್ಟೂ ತುಂಡುಗಳನ್ನು ಜೋಡಿಸಿಕೊಂಡು ಮನೆಗೆ ಬಂದ. ಹುಡುಗನಿಗೆ ಹುಡುಗಿ ಒಪ್ಪಿಗೆ. ಆದರೆ ಕಾಕಾನ ಮಾತು ದಾಟಲು ಅವನಿಂದಾಗದು. ಹುಡುಗಿ ಕಾಕಾನ ಮುಂದೆ ಒಂದೇ ಒಂದು ಸಲ ವಿತ್ ಅಂದರೆ ಸಾಕು, ಮದುವೆ ಆಗುತ್ತದೆ.

ಮನೆಯಲ್ಲಿ ಎಲ್ಲರೂ ನನ್ನನ್ನು ಸುತ್ತುಗಟ್ಟಿದರು. ಅವ್ವ ಅಂದಳು, “ಒಂದು ಸಲ ಅಂದ್ರ ನಾಲಿಗಿ ಸವೀತೈತೇನು?” ಆಯಿ ಅಂದಳು, “ಗಂಡನ ಹೆಸರು ಹೇಳಬಾರದು ಅಂತಾರ, ಹೇಳೂದಿಲ್ಲ. ಹಂಗಽ ಇದೂ ಒಂದು ಅನ್ನು.” ಅಕ್ಕ ಗುಳೇದಗುಡ್ಡದಿಂದ ಬಂದು, ತಾನು ಅತ್ತೆಯ ಮುಂದೆ ದಿನಾ ಎಂಥೆಂಥ ಸುಳ್ಳಿಗೆ ಹೌದು ಅನ್ನುತ್ತೇನೆ ಎಂದು ವಿವರವಾಗಿ ಹೇಳಿದಳು. ನಾನು ಒಪ್ಪಲಿಲ್ಲ. ಆ ಕಾಲದಲ್ಲಿ ನನ್ನದು ಎಂದು ಹೇಳಿಕೊಳ್ಳಲು ನನ್ನ ಹತ್ತಿರ ಇದ್ದದ್ದು ಒಂದಿಷ್ಟು ಸರಿಯುತ್ತರಗಳು ಮಾತ್ರ. ಹೆಸರು ಬದಲಾಗುತ್ತದೆ, ಊರು ಬದಲಾಗುತ್ತದೆ, ಉಣ್ಣುವ ಹೊತ್ತು ಕೂಡ ಬದಲಾಗುತ್ತದೆ. ಅದರ ಮೇಲೆ ಪ್ರಿಪೊಸಿಷನ್ನನ್ನೂ ಬಿಟ್ಟು ಹೋಗಬೇಕೇ? ಆದರೆ ಬಸಿಯನ್ನೇ ನೋಡುತ್ತಾ ಕೂತಿದ್ದ, ಡಿಕ್ಷನರಿ ತೆಗೆದು ನೋಡಿ ಇಷ್ಟು ದೂರ ಬಂದ ಮನುಷ್ಯ ನನಗೆ ಬೇಡವಾಗಿರಲಿಲ್ಲ. ಕಸ ಹೊಡೆಯುವಾಗ, ರೊಟ್ಟಿ ಬಡಿಯುವಾಗ ಆ ವಾಕ್ಯವನ್ನೇ ಹಿಂದುಮುಂದು ಮಾಡುತ್ತಾ ಇರುತ್ತಿದ್ದೆ.

ನಾನು ಹೂಂ ಅನ್ನದಿದ್ದರೂ ಎರಡನೆಯ ಭೇಟಿ ತುಳಸಿಗೇರಿಯ ಹನುಮಪ್ಪನ ಗುಡಿಯಲ್ಲಿ ಎಂದು ಹಿರಿಯರು ಗೊತ್ತುಮಾಡಿದರು. ಯಾರೂ ಯಾರ ಮನೆಗೂ ಹೋದಂತಾಗಬಾರದು, ದೇವರ ದರ್ಶನಕ್ಕೆ ಬಂದವರು ಅಕಸ್ಮಾತ್ ಸಿಕ್ಕಂತಿರಬೇಕು. ಎರಡೂ ಕಡೆಯವರು ಅಕಸ್ಮಾತ್ತಾಗಿ ಹೊಸ ಸೀರೆ ಉಟ್ಟುಕೊಂಡು, ಬುತ್ತಿ ಕಟ್ಟಿಕೊಂಡು ಬಂದಿದ್ದೆವು. ಕಾಯಿ ಒಡೆಸಿ, ಕಟ್ಟೆಯ ಮೇಲೆ ಕೂತೆವು. ಮಾಸ್ತರನ್ನು ಈ ಸಲ ಕರೆದಿರಲಿಲ್ಲ.

ಕಾಕಾ ಕೊಬ್ಬರಿ ಚೂರು ಬಾಯಿಗೆ ಹಾಕಿಕೊಂಡು, ಬಹಳ ಸಲಿಗೆಯಿಂದ ಕೇಳಿದರು: “ಏನು ತಂಗಿ, ವಿಚಾರ ಮಾಡಿದೇನು? ಟುನೋ, ವಿತ್ತೋ?”

ಅಪ್ಪ ಗುಡಿಯ ಕಡೆ ತಿರುಗಿ ಕೈಮುಗಿದ. ಇಷ್ಟು ದಿನ ನಾಲಗೆಯ ಮೇಲೆ ಹೊರಳಾಡಿದ್ದು ನನ್ನ ಬಾಯಿಂದ ಆಗ ಹೊರಗೆ ಬಂತು.

“ಕಾಕಾ, ಆ ವಾಕ್ಯ ಬ್ಯಾಡ್ರಿ. ನಾ ಬ್ಯಾರೆ ವಾಕ್ಯ ಹೇಳ್ತೇನಿ. ಎ ಕ್ಲರ್ಕ್ ಮ್ಯಾರೀಡ್ ಹರ್.”

“ಅಂದ್ರ?”

“ಒಬ್ಬ ಕ್ಲರ್ಕ್ ಆಕೀನ ಮದುವ್ಯಾದ. ಅರ್ಥ ಅದಽ ಐತ್ರಿ. ಇದಕ್ಕ ಟುನೂ ಬ್ಯಾಡ, ವಿತ್ತೂ ಬ್ಯಾಡ.”

ಕಾಕಾ ಅಗಿಯುವುದನ್ನು ನಿಲ್ಲಿಸಿದರು. ನಿಲ್ದಾಣದಲ್ಲಿ ಗಾಡಿಯ ಈ ತುದಿಯಿಂದ ಆ ತುದಿಗೆ ನಡೆದು ನೋಡುವವರ ಹಾಗೆ, ವಾಕ್ಯವನ್ನು ಮೊದಲಿನಿಂದ ಕೊನೆಯವರೆಗೆ ಬೆರಳು ಮಡಚುತ್ತಾ ಹೇಳಿಕೊಂಡರು. ಮತ್ತೆ ಹಿಂದಿನಿಂದ ಹೇಳಿಕೊಂಡರು. “ಹೌದಲ್ಲ,” ಅಂದರು. “ನಡುವ ಡಬ್ಬಿ ಕೂಡಿಸೂ ಕಪ್ಲಿಂಗ್ ಇಲ್ಲದಽ ಗಾಡಿ ಹೊಂಟೈತಲ್ಲೋ!” ಅಣ್ಣನ ಮಗನ ಬೆನ್ನಿಗೊಂದು ಏಟು ಹಾಕಿದರು.

ವರ, “ಹಂಗಾರ… ಮತ್ತ…” ಎಂದರು.

“ಹಂಗಾರ ಮತ್ತ ಅಂದ್ರ? ತಾರೀಖು ತಗಸೂಣು!”

ಮದುವೆ ಆಯಿತು. ನಾನು ಸೋಲಲಿಲ್ಲ ಎಂದು ನನಗೆ ಒಳಗೊಳಗೆ ಬಹಳ ಹೆಮ್ಮೆ. ಬಾಗಲಕೋಟೆಗೆ ಮರಳಿದ ಕಾಕಾ, “ಹುಡುಗಿ ಟು ಬಿಟ್ಟುಕೊಟ್ಳು” ಎಂದು ನೆರೆಹೊರೆಗೆಲ್ಲ ಹೇಳಿದ್ದರು ಎಂದು ಆಮೇಲೆ ತಿಳಿಯಿತು. ಇಳಕಲ್ಲಿನಲ್ಲಿ ನಮ್ಮ ಅವ್ವ, “ಅವರು ವಿತ್ ಬಿಟ್ಟುಕೊಟ್ರು” ಎಂದು ಹೇಳಿಕೊಂಡು ತಿರುಗುತ್ತಿದ್ದಳಂತೆ. ಎರಡು ಊರುಗಳ ನಡುವೆ ಸಾಕಷ್ಟು ದಾರಿ ಇದ್ದದ್ದು ಒಳ್ಳೆಯದೇ ಆಯಿತು.

ಬಾದಾಮಿಯಲ್ಲಿ ನಮ್ಮದು ಹೊಂಡದ ಹತ್ತಿರದ ಬಾಡಿಗೆ ಮನೆ. ಹಿಂದೆ ಕೆಂಪು ಗುಡ್ಡ, ಮಾಳಿಗೆಯ ಮೇಲೆ ಯಾವಾಗಲೂ ಮಂಗಗಳು. ಕೆಲವು ವರ್ಷಗಳ ಮೇಲೆ ಕಕ್ಕಿ ತೀರಿಕೊಂಡರು. ಕಾಕಾ ಪೆಟ್ಟಿಗೆ ಹಿಡಿದುಕೊಂಡು ನಮ್ಮಲ್ಲಿಗೇ ಬಂದರು. ಅವರ ಸಂಜೆಗಳು ಗುಹೆಗಳ ದಾರಿಯಲ್ಲಿ ಕಳೆಯುತ್ತಿದ್ದವು. ಅಲ್ಲಿಗೆ ಬರುವ ವಿದೇಶೀಯರನ್ನು ನಿಲ್ಲಿಸಿ ಇಂಗ್ಲಿಷ್ ಮಾತಾಡುವುದು ಅವರ ಹೊಸ ನೌಕರಿ. ಗೈಡುಗಳು ತಮ್ಮ ಹೊಟ್ಟೆಯ ಮೇಲೆ ಹೊಡೆಯುತ್ತಾರೆಂದು ಮೊದಮೊದಲು ಅವರನ್ನು ಅನುಮಾನಿಸಿದರು. ಈ ಮನುಷ್ಯನಿಗೆ ಬೇಕಾದದ್ದು ಬರೀ ಮಾತು ಎಂದು ಗೊತ್ತಾದ ಮೇಲೆ ಸುಮ್ಮನಾದರು.

ಒಂದು ಬಿಸಿಲಿನ ದಿನ ಕಾಕಾ ಒಬ್ಬ ಬಿಳಿಯ ಹೆಂಗಸನ್ನು ಮನೆಗೇ ಕರೆತಂದರು. ಗುಹೆಯ ಮೆಟ್ಟಿಲ ಮೇಲೆ ಮಂಗವೊಂದು ಅವಳ ಕೈಚೀಲ ಕಸಿದುಕೊಂಡು ಹೋಗಿತ್ತು. ಹೆದರಿಕೆಗೂ ಬಿಸಿಲಿಗೂ ಅವಳ ಮುಖ ಕೆಂಪಾಗಿತ್ತು.

“ಮಾತಾಡು ಅಕಿ ಕೂಡ,” ಎಂದು ನನಗೆ ಹೇಳಿದರು. “ನಮ್ಮನ್ಯಾಗ ಇಂಗ್ಲಿಷ್ ಬಿ.ಎ. ಅದಾಳ ಅಂತ ಹೇಳೇನಿ.”

ನಾನು ನೀರಿನ ತಂಬಿಗೆ ಹಿಡಿದು ನಿಂತೆ. ಅವಳು ನನ್ನನ್ನು ನೋಡಿದಳು. ಗೆರೆ ಎಳೆದ ವಾಕ್ಯ ಎಲ್ಲಿಯೂ ಇರಲಿಲ್ಲ. ಆರಿಸಲು ನಾಲ್ಕು ಶಬ್ದ ಯಾರೂ ಇಡಲಿಲ್ಲ. ಇಡೀ ವಾಕ್ಯವೇ ಬಿಟ್ಟ ಸ್ಥಳ. ಬಹಳ ಹೊತ್ತಿನ ಮೇಲೆ ತಲೆಯೊಳಗಿನ ನುಡಿಗಟ್ಟುಗಳಲ್ಲಿ ಒಂದು ಕೈಗೆ ಸಿಕ್ಕಿತು. ಓಡಿಹೋಯಿತು ಎನ್ನಲು ಮಾಸ್ತರು ಕಲಿಸಿದ್ದು. “ದ ಮಂಕಿ ಟುಕ್ ಟು ಇಟ್ಸ್ ಹೀಲ್ಸ್,” ಅಂದೆ.

ಅವಳು ಗಾಬರಿಯಿಂದ ತನ್ನ ಹಿಮ್ಮಡಿಗಳನ್ನು ನೋಡಿಕೊಂಡಳು. ಬೂಟು ಬಿಚ್ಚಿ ಕೂಡ ನೋಡಿದಳು. ಮಂಗ ಕಚ್ಚಿದೆಯೆಂದು ನಾನು ಹೇಳಿದೆ ಎಂದುಕೊಂಡಿರಬೇಕು. ಜರ್ಮನಿಯವಳಂತೆ, ಇಂಗ್ಲಿಷ್ ಅವಳಿಗೂ ಪರದೇಶದ್ದೇ. ನಾನು ಮುಂದೆ ಬಾಯಿ ತೆರೆಯಲಿಲ್ಲ. ಬಿಸಿ ರೊಟ್ಟಿ, ಮೊಸರು, ಶೇಂಗಾ ಚಟ್ನಿ ಕೊಟ್ಟೆ. ಅದು ಅವಳಿಗೆ ಚೆನ್ನಾಗಿ ಅರ್ಥವಾಯಿತು.

ಉಂಡ ಮೇಲೆ ಕಾಕಾ ಅವಳ ಸಂಸಾರ ವಿಚಾರಿಸಿದರು. ಅವಳು ಹೇಳಿದಳು: “ಐ ಆಮ್ ಮ್ಯಾರೀಡ್ ವಿತ್ ಎನ್ ಎಂಜಿನಿಯರ್.”

ಕಾಕಾ ಮೆಲ್ಲಗೆ ನನ್ನ ಕಡೆ ತಿರುಗಿದರು. ಅವಳಿಗೆ ಇನ್ನೊಂದು ರೊಟ್ಟಿ ಹಾಕು ಎಂದರು, ಅಷ್ಟೇ. ಅವಳಿಗೂ ಎಲ್ಲೋ ಒಬ್ಬ ಮಾಸ್ತರು ಕಲಿಸಿದ್ದಾನೆ, ಅವನು ಕಿವಿ ಹಿಡಿಯಲಿಲ್ಲ ಅಷ್ಟೇ ಎಂದು ನಾನು ಹೇಳಬಹುದಿತ್ತು. ಕಾಕಾನ ಮುಖ ನೋಡಿ ಸುಮ್ಮನಾದೆ. ಹೆಂಡತಿ ಹೋದ ಮೇಲೆ ಅವರು ಅಷ್ಟು ಖುಷಿಯಾಗಿದ್ದನ್ನು ನಾನು ನೋಡಿರಲಿಲ್ಲ.

ಆದರೆ ಅವಳನ್ನು ಬೀಳ್ಕೊಟ್ಟು ಬಂದ ಮೇಲೆ ಕಟ್ಟೆಯ ಮೇಲೆ ಕೂತು ಅವರು ಬೇರೆಯೇ ಮಾತು ತೆಗೆದರು.

“ನಿನಗ ಬಾಯಿ ಬರಲಿಲ್ಲಲ್ಲ, ಯಾಕ?”

“ಗೊತ್ತಿಲ್ರಿ ಕಾಕಾ. ಶಬ್ದ ಎಲ್ಲಾ ಅದಾವ. ವಾಕ್ಯ ಬರೂದಿಲ್ಲ.”

“ನನಗ ವಾಕ್ಯ ಬರ್ತಾವ, ಶಬ್ದ ನೆಟ್ಟಗ ಬೀಳೂದಿಲ್ಲ. ಅದು ನನಗೂ ಗೊತ್ತೈತಿ.” ಎಲೆಗೆ ಸುಣ್ಣ ಹಚ್ಚಿಕೊಂಡರು. “ಇಬ್ಬರೂ ಕೂಡಿದ್ರ ಒಬ್ಬ ಸಾಹೇಬ ಆದೇವು ನೋಡು.”

ಮರುದಿನದಿಂದ ಸಂಜೆಯ ಹೊತ್ತು ಕಟ್ಟೆಯ ಮೇಲೆ ನಮ್ಮ ಇಂಗ್ಲಿಷ್ ಶುರುವಾಯಿತು. ನಾನು ಅಕ್ಕಿ ಆರಿಸುತ್ತಾ, ಅವರು ಎಲೆ ಅಡಿಕೆ ಹಾಕುತ್ತಾ. ಅವರದೊಂದೇ ಷರತ್ತು: ಗಾಡಿ ಹೊರಟ ಮೇಲೆ ನಡುವೆ ನಿಲ್ಲಿಸಬಾರದು. ತಪ್ಪಿದ್ದರೆ ಇರಲಿ, ವಾಕ್ಯ ಊರು ಮುಟ್ಟಬೇಕು. ನಾನು ಸರಿ ಶಬ್ದಕ್ಕಾಗಿ ನಿಂತ ಕೂಡಲೆ ಕೈಯೆತ್ತಿ ಹಸಿರು ಬಾವುಟ ಬೀಸಿದಂತೆ ಮಾಡುತ್ತಿದ್ದರು. ಅವರ ತಪ್ಪುಗಳನ್ನು ನಾನು ವಾಕ್ಯ ಮುಗಿದ ಮೇಲೆ ಹೇಳುತ್ತಿದ್ದೆ. ಒಪ್ಪಿಕೊಳ್ಳುತ್ತಿದ್ದರು, ಒಂದೇ ಒಂದನ್ನು ಬಿಟ್ಟು. ಅದರ ಸುದ್ದಿಗೆ ನಾನೂ ಹೋಗುತ್ತಿರಲಿಲ್ಲ. ಅತ್ತೆ ಒಳಗಿನಿಂದ, “ಮನಿ ಮಂದಿ ಕೂಡ ಮಾತಾಡಾಕ ಪರದೇಶದ ಭಾಷಾ ಯಾಕ ಬೇಕು ಇವರಿಗೆ?” ಎಂದು ಗೊಣಗುತ್ತಿದ್ದರು. ನಮ್ಮವರು ಕಚೇರಿಯಿಂದ ಬಂದು, ಸ್ವಲ್ಪ ಹೊತ್ತು ಕೇಳಿ, “ಇದು ಒಂಥರಾ…” ಎಂದು ಒಳಗೆ ಹೋಗುತ್ತಿದ್ದರು. ಚಲೋ ಇದೆ ಎಂದು ಅದರರ್ಥ ಎಂದು ನಾನು ತಿಳಿದುಕೊಂಡಿದ್ದೆ.

ನನ್ನನ್ನು ಬಿ.ಎಡ್.ಗೆ ಕಳಿಸಬೇಕು ಎಂದು ಅತ್ತೆಯ ಜೊತೆ ಜಗಳಾಡಿದ್ದು ಕಾಕಾ. ಎಂಬತ್ತರ ದಶಕ ನಡುವಿಗೆ ಬಂದಿತ್ತು. ಮನೆಯ ಸೊಸೆ ದುಡಿಯಲು ಹೋದರೆ ಜನ ಏನಂದಾರು ಎಂದು ಅತ್ತೆ ಕೇಳಿದರು. “ಮಂದಿ ಇಂಗ್ಲಿಷ್‌ನ್ಯಾಗ ಅಂದ್ರ ಉತ್ತರ ಕೊಡ್ತಾಳ ಬಿಡು ವೈನಿ,” ಅಂದರು ಕಾಕಾ. ಓದು ಮುಗಿದ ಮೇಲೆ ಬಾಗಲಕೋಟೆಯ ಒಂದು ಹೆಣ್ಣುಮಕ್ಕಳ ಹೈಸ್ಕೂಲಿನಿಂದ ಸಂದರ್ಶನಕ್ಕೆ ಕರೆ ಬಂತು. ಕಾಕಾ ಕೋಟು ಹಾಕಿಕೊಂಡು ಜೊತೆಗೆ ಬಂದರು.

ಒಳಗೆ ಮೇಜಿನ ಆ ಕಡೆ ನಾಲ್ಕಾರು ಹಿರಿಯರು. ಅವರಲ್ಲೊಬ್ಬರು ಇಂಗ್ಲಿಷಿನಲ್ಲಿ ಕೇಳಿದರು: ಮನೆ, ಸಂಸಾರ ಎಲ್ಲ ಇದೆ, ನೀವು ಯಾಕೆ ಮಾಸ್ತರಿಕೆ ಮಾಡಬೇಕು ಅನ್ನುತ್ತೀರಿ? ನಾನು ಹೊರಟೆ. ಎರಡನೆಯ ವಾಕ್ಯದಲ್ಲೇ ಇರಬಾರದ ಕಡೆ ಒಂದು ಅಬೌಟ್ ಬಿತ್ತು. ನನಗೆ ಬಿದ್ದದ್ದು ಕೇಳಿಸಿತು. ಕಿವಿ ಬಿಸಿಯಾಯಿತು. ಆದರೂ ನಿಲ್ಲಲಿಲ್ಲ. ಹೆಣ್ಣುಮಕ್ಕಳಿಗೆ ಪೂರ್ತಿ ಮಾತು ಕಲಿಸಬೇಕು, ನಡುವಿನ ಒಂದು ಶಬ್ದ ಮಾತ್ರ ಅಲ್ಲ ಎಂಬರ್ಥದ ಏನೇನೋ ಹೇಳಿ, ಸುಸ್ತಾಗಿ ನಿಂತೆ. ತೂಕಡಿಸುತ್ತಿದ್ದ ಹಿರಿಯರೊಬ್ಬರು ನಾನು ಸುಮ್ಮನಾದ ಮೇಲೆ ಎಚ್ಚೆತ್ತು, “ವೆರಿ ಗುಡ್” ಅಂದರು.

ಹೊರಗೆ ಬೇವಿನ ಮರದ ಕೆಳಗೆ ಕಾಕಾ ಕಾದಿದ್ದರು.

“ಎಷ್ಟು ತಪ್ಪು ಮಾಡಿದಿ?”

“ಭಾಳ ಮಾಡೇನ್ರಿ.”

“ನಡುವ ನಿಂತೇನು?”

“ಇಲ್ರಿ.”

“ಹಂಗಾರ ಆತು ಬಿಡು,” ಎಂದು ಎದ್ದು ಕೋಟು ಜಾಡಿಸಿಕೊಂಡರು.

ನೇಮಕವಾಯಿತು. ಬಾದಾಮಿಯಿಂದ ಬಾಗಲಕೋಟೆಗೆ ಬೆಳಗಿನ ಪ್ಯಾಸೆಂಜರ್ ಗಾಡಿ. ಮೊದಲ ದಿನ ಕಾಕಾ ತಮ್ಮ ಪಾಸು ಹಿಡಿದುಕೊಂಡು ನನ್ನ ಜೊತೆಗೇ ಹತ್ತಿದರು. ಡಬ್ಬಿ ತುಂಬಿತ್ತು: ಸಂತೆಗೆ ಹೊರಟವರು, ಮಗ್ಗದವರು, ದವಾಖಾನೆಗೆ ಹೊರಟ ಒಂದು ಸಂಸಾರ. ಕಾಕಾ ನಡುವೆ ನಿಂತು, ಮೇಲಿನ ಸಲಾಕೆ ಹಿಡಿದು, ಎಲ್ಲರಿಗೂ ಕೇಳುವಂತೆ ನನ್ನ ವಿಷಯವನ್ನು ಇಂಗ್ಲಿಷಿನಲ್ಲಿ ಹೇಳತೊಡಗಿದರು. ನಾನು ಇಂದಿನಿಂದ ಮಾಸ್ತರು, ಇಳಕಲ್ಲಿನ ಮಗಳು, ಬಾದಾಮಿಯ ಸೊಸೆ, ಹೀಗೆ ಒಂದು ಕಡೆಯೂ ನಿಲ್ಲದೆ, ದಾರಿಯುದ್ದಕ್ಕೂ ತಪ್ಪುಗಳನ್ನು ಉದುರಿಸುತ್ತಾ. ನಾನು ಒಂದನ್ನೂ ತಿದ್ದಲಿಲ್ಲ. ಕೇಳುತ್ತಿದ್ದವರಿಗೆ ಎಷ್ಟು ತಿಳಿಯಿತೋ ಗೊತ್ತಿಲ್ಲ. ಕಿಟಕಿಯ ಬಳಿ ಕೂತಿದ್ದ ಒಬ್ಬ ಮುದುಕಿ ಮಾತ್ರ ತನ್ನ ಗಂಟನ್ನು ತೊಡೆಯ ಮೇಲೆ ಎಳೆದುಕೊಂಡು, “ಬಾರವಾ, ಇಲ್ಲಿ ಕುಂದರ ಬಾ,” ಎಂದು ಸರಿದು ಜಾಗ ಮಾಡಿಕೊಟ್ಟಳು.